ಡಬ್ಬಿ ಮೇಲೆ 65 ವ್ಯಾಟ್, ಮೀಟರ್‌ನಲ್ಲಿ ಬೇರೆನೇ ಲೆಕ್ಕ

ಜುಲೈ ತಿಂಗಳ ಶಿರಸಿ ಮಳೆ ಹೆಂಗಿರತ್ತೆ ಅಂತ ಗೊತ್ತಿದ್ದವರಿಗೆ ಬೇರೆ ಹೇಳೋದು ಬೇಡ. ಬೆಳಿಗ್ಗೆ ಎಲ್ಲೋ ಲೈನ್ ಮೇಲೆ ಮರ ಬಿತ್ತು, ಕರೆಂಟು ಹೋಯ್ತು. ನಾನು ಕಂಪ್ಯೂಟರಲ್ಲಿ ಹಿಂದಿನ ದಿನದ ಯಕ್ಷಗಾನದ ರೆಕಾರ್ಡಿಂಗ್ ಎಕ್ಸ್‌ಪೋರ್ಟಿಗೆ ಹಾಕಿ ಕೂತಿದ್ದೆ, 80 ಪರ್ಸೆಂಟ್ ಆಗಿತ್ತು, ಅಷ್ಟೊತ್ತಿಗೆ ಒಳಗಿಂದ ಆಯಿ, "ತಮಾ, ಇನ್ವರ್ಟರ್ ಕೂಗ್ತಾ ಇದ್ದು, ಆ ಡಬ್ಬಿ ಬಂದ್ ಮಾಡು ಮಾರಾಯ." ಬಂದ್ ಮಾಡೋದ್ರೊಳಗೆ ಅದೇ ಬಂದ್ ಆಯ್ತು. ಮೂರು ತಾಸಿನ ಪ್ರಸಂಗ, ಮತ್ತೆ ಮೊದಲಿಂದ.

ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಕಾಳಿ ಹೊಳೆ ಮೇಲೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಈಚೆ ಗೇರುಸೊಪ್ಪೆಯಲ್ಲಿ ಶರಾವತಿ ಟೇಲರೇಸ್. ಇಷ್ಟೆಲ್ಲ ವಿದ್ಯುತ್ ಕೇಂದ್ರ ನಮ್ಮ ಜಿಲ್ಲೆದೇ. ದೀಪದ ಬುಡಕ್ಕೆ ಕತ್ತಲೆ ಅಂದ್ರೆ ಇದೇ ಇರ್ಬೇಕು. ಮರ ಬಿದ್ರೆ ಯಾರು ಏನ್ ಮಾಡೋದು, ಹೋಗ್ಲಿ ಬಿಡಿ. ನಾನು ಮಾಡ್ಬಹುದಾಗಿದ್ದು ಒಂದೇ, ಅದೇ ಕೆಲಸನ ಕಮ್ಮಿ ಕರೆಂಟಲ್ಲಿ ಮಾಡೋ ಮಷಿನ್ ಹುಡುಕೋದು. ಹೀಗೆ ಶುರುವಾಗಿದ್ದು ಒಂದೂವರೆ ತಿಂಗಳು ತಗೊಂಡ್ತು.

ನಂದಿದ್ದಿದ್ದು ಇಂಟೆಲ್ ಐ5-2400 ಪ್ರೊಸೆಸರ್. 2011ರ ಚಿಪ್, 32 ನ್ಯಾನೋಮೀಟರ್, ನಾಲ್ಕು ಕೋರು ನಾಲ್ಕೇ ಥ್ರೆಡ್ಡು, ಅದು ಬರೋ ಡಬ್ಬಿ ಮೇಲೆ ಬರೆದಿದ್ದು 95 ವ್ಯಾಟ್. ಅದರ ಕಾಲಕ್ಕೆ ರಾಜ ಅದು, ನಾನೇನೂ ಬಯ್ಯಲ್ಲ. ಮೊದಲು ಮಾಡಿದ ಕೆಲಸ ಅಂದ್ರೆ ಗೋಡೆ ಪ್ಲಗ್ಗಿಗೆ ಹಾಕೋ ಒಂದು ವ್ಯಾಟ್‌ಮೀಟರ್ ತರಿಸಿದ್ದು. ಎಚ್‌ಡಬ್ಲ್ಯುಇನ್ಫೋ ತರದ ಸಾಫ್ಟ್‌ವೇರ್ ತೋರಿಸೋದು ಪ್ರೊಸೆಸರ್ ಪ್ಯಾಕೇಜ್ ಎಷ್ಟು ತಿಂತು ಅಂತ ಮಾತ್ರ, ಇನ್ವರ್ಟರಿಗೆ ಅದರ ಜೊತೆ ಬೋರ್ಡು, ರ‍್ಯಾಮು, ಹಾರ್ಡ್‌ಡಿಸ್ಕು, ಫ್ಯಾನು, ಎಸ್‌ಎಂಪಿಎಸ್ (ಅಂದ್ರೆ ಕಂಪ್ಯೂಟರಿನ ಪವರ್ ಸಪ್ಲೈ) ಬಿಸಿ ಮಾಡಿ ಹಾಳು ಮಾಡಿದ್ದು ಎಲ್ಲ ಸೇರಿಸಿ ಬಿಲ್ಲು ಬರೋದು. ಆದ್ರಿಂದ ಕೆಳಗಿನ ನಂಬರೆಲ್ಲ ಗೋಡೆಯಲ್ಲಿ ಅಳೆದಿದ್ದು, ಕ್ಯಾಬಿನೆಟ್ ಮಾತ್ರ, ಮಾನಿಟರ್ ಬಿಟ್ಟು. ಮಾನಿಟರಿಗೆ 20 ವ್ಯಾಟ್ ಬೇರೆ ಇದೆ.

ಪರೀಕ್ಷೆಗೂ ಬೇರೆ ಏನೂ ತಗೊಳ್ಳಲಿಲ್ಲ. ಒಂದು ತಾಸಿನ ಯಕ್ಷಗಾನದ ತುಂಡು, 1080ಪಿ, ಸೆಕೆಂಡಿಗೆ 25 ಫ್ರೇಮು, ಅಂದ್ರೆ 90,000 ಫ್ರೇಮು. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಸಾಫ್ಟ್‌ವೇರಲ್ಲಿ ಎಕ್ಸ್264 ಎನ್‌ಕೋಡರ್, ಮೀಡಿಯಂ ಪ್ರಿಸೆಟ್, ಎಲ್ಲಾ ಮಷಿನ್‌ನಲ್ಲೂ ಅದೇ ಸೆಟಿಂಗ್. ಪ್ರೊಸೆಸರ್ ವೇಗ ಅಳೆಯೋ ಸಿನಿಬೆಂಚ್ ಸ್ಕೋರು ನೋಡಿ ಖುಷಿ ಪಡಬಹುದು, ಆದ್ರೆ ನಾನು ದಿನಾ ಮಾಡೋ ಕೆಲಸ ಸಿನಿಬೆಂಚ್ ಅಲ್ವಲ್ಲ.

ಹಳೇ ಐ5 ಸುಮ್ನೆ ಡೆಸ್ಕ್‌ಟಾಪ್ ತೋರಿಸ್ತಾ ಕೂತಾಗ್ಲೇ 58 ವ್ಯಾಟ್. ಎಕ್ಸ್‌ಪೋರ್ಟ್ ಹಾಕಿದ್ರೆ 121. ಆ ತುಂಡು ಮುಗಿಸೋಕೆ 62 ನಿಮಿಷ, ಒಟ್ಟು 125 ವ್ಯಾಟ್‌ಅವರ್. ಎಂಟು ತಾಸಿನ ವಿಡಿಯೋಗೆ ಒಂದು ಯೂನಿಟ್ ಪೂರ್ತಿ ಹೋಗತ್ತೆ ಅಂದಂಗಾಯ್ತು. ನಮ್ಮ ಬ್ಯಾಟರಿ 150 ಎಎಚ್, 12 ವೋಲ್ಟು, ಕಾಗದದ ಮೇಲೆ 1800 ವ್ಯಾಟ್‌ಅವರ್, ಆದ್ರೆ ಐದು ವರ್ಷದ ಮುದುಕ ಅದು, ಅದರಲ್ಲೇ ಮನೆ ಲೈಟು ಫ್ಯಾನು ಎಲ್ಲ ಓಡ್ಬೇಕು.

ಒಂದ್ಸಲ ಬಿಚ್ಚಿ ನೋಡೋಣ ಅಂತ ಕ್ಯಾಬಿನೆಟ್ ಬಾಗಿಲು ತೆಗೆದೆ. ಎಸ್‌ಎಂಪಿಎಸ್ ಫ್ಯಾನಿನ ಜಾಲರಿಗೆ ಕುಂಬಾರ ಹುಳ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು, ಫ್ಯಾನಿನ ಎರಡು ರೆಕ್ಕೆ ಅದಕ್ಕೆ ತಾಗಿ ತುದಿ ಸವೆದಿತ್ತು. ಅದಕ್ಕೇ ಟಿಕ್ ಟಿಕ್ ಅಂತಿದ್ದಿದ್ದು, ನಾನು ಹಾರ್ಡ್‌ಡಿಸ್ಕ್ ಹೋಗೋಕೆ ಬಂತು ಅಂತ ಎರಡು ವರ್ಷದಿಂದ ಹೆದ್ರಿಕೊಂಡಿದ್ದೆ. ಪ್ರೊಸೆಸರ್ ಮೇಲಿನ ಪೇಸ್ಟು ಒಣಗಿ ಎಲೆಅಡಿಕೆ ಡಬ್ಬಿ ತಳದ ಸುಣ್ಣ ಆದಂಗೆ ಆಗಿತ್ತು. ರ‍್ಯಾಮಿನ ಬಂಗಾರದ ಕಾಲುಗಳ ಮೇಲೆ ಬೂಸಲು. ರಬ್ಬರಲ್ಲಿ ಉಜ್ಜಿದೆ, ಪೇಸ್ಟು ಹೊಸದು ಹಾಕಿದೆ, ಡಿಗ್ರಿ ಇಳೀತು, ವ್ಯಾಟ್ ಮಾತ್ರ ಹೆಚ್ಚೇನೂ ಇಳೀಲಿಲ್ಲ.

ಹೇಗೂ ಹೊಸ ಮಷಿನಿಗೆ ಬೇಕು ಅಂತ ಒಂದು 450 ವ್ಯಾಟಿನ, ಕರೆಂಟು ಕಮ್ಮಿ ಹಾಳು ಮಾಡತ್ತೆ ಅನ್ನೋ ಬ್ರಾಂಜ್ ಸ್ಟಿಕ್ಕರಿನ ಎಸ್‌ಎಂಪಿಎಸ್ಸು, ಒಂದು ಎಸ್‌ಎಸ್‌ಡಿ ತಂದಿಟ್ಟಿದ್ದೆ. ಕೈ ಸುಮ್ನಿರಲಿಲ್ಲ, ಅವೆರಡನ್ನ ಹಳೇ ಐ5ಗೇ ಸಿಕ್ಕಿಸಿ, ತಿರುಗೋ ಹಾರ್ಡ್‌ಡಿಸ್ಕ್ ಎರಡನ್ನೂ ಬಿಚ್ಚಿಟ್ಟು ಮೀಟರ್ ನೋಡಿದ್ರೆ 38 ವ್ಯಾಟ್! 58 ಇದ್ದಿದ್ದು 38. ಪ್ರೊಸೆಸರ್ ಮುಟ್ಟಲೇ ಇಲ್ಲ, 20 ವ್ಯಾಟ್ ಹೋಯ್ತು. ನಾನು ಇಷ್ಟು ದಿನ ಬೈತಾ ಇದ್ದಿದ್ದು ತಪ್ಪು ಮನುಷ್ಯನ್ನ. ಹಾರ್ಡ್‌ಡಿಸ್ಕ್ ಒಂದೊಂದು ಸುಮ್ನೆ ತಿರುಗೋಕೇ ಐದಾರು ವ್ಯಾಟ್ ತಿನ್ನತ್ತೆ, ಉಳಿದಿದ್ದೆಲ್ಲ ಹಳೇ ಎಸ್‌ಎಂಪಿಎಸ್ ಬಿಸಿಗಾಳಿ ಮಾಡಿ ಹಿಂದೆ ಬಿಡ್ತಿತ್ತು. ಇನ್ನೊಂದು ಮಾತು, ಬ್ರಾಂಜ್ ಅಂತ ಬರೆದಿದ್ರೂ ಆ ಪರೀಕ್ಷೆ ಮಾಡೋದು 20, 50, 100 ಪರ್ಸೆಂಟ್ ಲೋಡಲ್ಲಿ, 450 ವ್ಯಾಟಿನ ಎಸ್‌ಎಂಪಿಎಸ್ ಮೇಲೆ 30 ವ್ಯಾಟ್ ಅಂದ್ರೆ 7 ಪರ್ಸೆಂಟೂ ಆಗಲ್ಲ, ಅಲ್ಲಿ ಅದು ಹೆಂಗೆ ನಡ್ಕೊಳ್ಳತ್ತೆ ಅಂತ ಆ ಸ್ಟಿಕ್ಕರ್ ಏನೂ ಹೇಳಲ್ಲ. 750 ವ್ಯಾಟಿಂದು ಮುಂದಕ್ಕೆ ಬೇಕಾಗಬಹುದು ಅಂತ ತಗೊಳ್ಳೋದು ನಮ್ಮಂಥವರಿಗೆ ದಂಡ.

ಇಲ್ಲಿಗೇ ನಿಲ್ಲಿಸಬಹುದಿತ್ತು ನಿಜ. ಬರೀ ಟೈಪಿಂಗು, ಬ್ರೌಸರು, ಲೆಕ್ಕಪತ್ರ ಅಷ್ಟೇ ಆಗಿದ್ರೆ ನಿಲ್ಲಿಸ್ತಿದ್ದೆ. ಎಕ್ಸ್‌ಪೋರ್ಟ್ 62 ನಿಮಿಷ ಹಂಗೇ ಇತ್ತಲ್ಲ, ವ್ಯಾಟ್ 101ಕ್ಕೆ ಇಳಿದಿತ್ತು ಅಷ್ಟೇ.

ಅಂಗಡಿಗೆ ಹೋದ್ರೆ ಎಲ್ಲಾ ಪ್ರೊಸೆಸರ್ ಡಬ್ಬಿ ಮೇಲೂ 65 ವ್ಯಾಟ್. ಅದು ತಿನ್ನೋ ಲೆಕ್ಕ ಅಲ್ಲ ಅಂತ ನಂಗೂ ಮೊದಲು ಸರಿ ತಿಳಿದಿರಲಿಲ್ಲ. ಪ್ರೊಸೆಸರ್ ಮಾಡೋ ಎಎಂಡಿ ಕಂಪನಿಯವರ ಟಿಡಿಪಿ ಅಂದ್ರೆ ಇಂಥಾ ಬಿಸಿ ತೆಗೆಯೋ ಕೂಲರ್ ಹಾಕಿ ಅಂತ ಹೇಳೋ ನಂಬರು, ಸಾಕೆಟ್ಟಿಗೆ ಬಿಡೋ ಪವರಿನ ಮಿತಿ ಬೇರೆ, ಅದಕ್ಕೆ ಪಿಪಿಟಿ ಅಂತಾರೆ, ಸಾಮಾನ್ಯ ಟಿಡಿಪಿಯ 1.35 ಪಟ್ಟು. 65 ಅಂತ ಬರೆದಿದ್ದ ರೈಜನ್ 5 5600ಜಿ 88 ವ್ಯಾಟ್ ತನಕ ಹೋಗಬಹುದು. ಅದೇ 65 ಬರೆದಿದ್ದ 5600ಎಕ್ಸ್‌ಗೆ ಮಾತ್ರ 76. ಇಂಟೆಲ್‌ನವರು 12ನೇ ತಲೆಮಾರಿಂದ ಎರಡು ನಂಬರ್ ಬರೀತಾರೆ, ಐ3-12100ಕ್ಕೆ 60 ಮತ್ತು 89, ಐ5-12400ಕ್ಕೆ 65 ಮತ್ತು 117, ಮೇಲೆ ಐ9-13900ಕೆಗೆ 125 ಮತ್ತು 253. ಎರಡು ಬರೆಯೋದೇ ಪ್ರಾಮಾಣಿಕ ಅನ್ಸತ್ತೆ ನಂಗೆ. 253 ವ್ಯಾಟ್ ಅಂದ್ರೆ ನಮ್ಮನೆ ಇನ್ವರ್ಟರ್ ಅಳತ್ತೆ.

ಕುಮಟೆಯಲ್ಲಿ ಒಬ್ಬ ಗೆಳೆಯನ ಡಿಟಿಪಿ ಅಂಗಡಿಯಲ್ಲಿ ಐ3-12100 ಇದೆ. ದೇವಿಮನೆ ಘಟ್ಟ ಇಳಿದು ಮೀಟರು, ಪೆನ್‌ಡ್ರೈವು ಎರಡೂ ಹಿಡ್ಕೊಂಡು ಹೋದೆ. ನಾಲ್ಕೇ ಕೋರು, ಎಂಟು ಥ್ರೆಡ್ಡು, ಆದ್ರೆ ಸುಮ್ನಿದ್ದಾಗ 22 ವ್ಯಾಟ್, ಅಷ್ಟೇ. ನಮ್ಮ ತುಂಡು 23 ನಿಮಿಷಕ್ಕೆ ಮುಗೀತು, ಗೋಡೆಯಲ್ಲಿ 87 ವ್ಯಾಟ್, ಒಟ್ಟು 33 ವ್ಯಾಟ್‌ಅವರ್. ಹಳೇದರ ಕಾಲು ಭಾಗ ಅಂದ್ಕೊಳ್ಳಿ. ಅವನ ಅಂಗಡಿ ಸಮುದ್ರದಿಂದ ದೂರ ಇಲ್ಲ, ಕ್ಯಾಬಿನೆಟ್ ಹಿಂದಿನ ಸ್ಕ್ರೂ ಎಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಒಂದು ಬಿಚ್ಚೋಕೇ ಬರಲಿಲ್ಲ. ಅದರಲ್ಲಿ ಕ್ವಿಕ್‌ಸಿಂಕ್ ಇದೆ, ಅಂದ್ರೆ ವಿಡಿಯೋಗೇ ಅಂತ ಚಿಪ್ಪಿನೊಳಗೆ ಪ್ರತ್ಯೇಕ ಜಾಗ, ಅದರಲ್ಲಿ ಹಾಕಿದ್ರೆ ಐದೂವರೆ ನಿಮಿಷ, 45 ವ್ಯಾಟ್, ನಾಲ್ಕು ವ್ಯಾಟ್‌ಅವರ್ ಸುತ್ತ. ಬಾಯಿ ಬಿಟ್ಕೊಂಡು ನೋಡಿದೆ. ಆಮೇಲೆ ವಿಡಿಯೋ ನೋಡಿದ್ವಿ. ಸೈಜು ದೊಡ್ಡದಾಗಿತ್ತು, ಅದು ಹೋಗ್ಲಿ, ವೇಷ ಗಿರಕಿ ಹೊಡೆಯುವಾಗ ಕೇದಿಗೆ ಮುಂದಲೆ ಅನ್ನೋ ತಲೆಯುಡುಗೆಯ ಸಣ್ಣ ಸಣ್ಣ ಗೆರೆಯೆಲ್ಲ ಕಲಸಿ ಚೌಕ ಚೌಕ, ಹಿಂದಿನ ಕಪ್ಪು ಪರದೆಯಲ್ಲಿ ಪಟ್ಟೆ ಪಟ್ಟೆ. ವಾಟ್ಸಾಪಿಗೆ ಕಳಿಸೋಕೆ ಸಾಕು. ಇಟ್ಕೊಳ್ಳೋ ಪ್ರತಿಗೆ ನಂಗೆ ಮನಸ್ಸು ಬರಲ್ಲ, ಕಲಾವಿದರು ರಾತ್ರಿಯಿಡೀ ಕುಣಿದಿರ್ತಾರೆ.

ಕೊನೆಗೆ ತಗೊಂಡಿದ್ದು 5600ಜಿ. ಆರು ಕೋರು ಹನ್ನೆರಡು ಥ್ರೆಡ್ಡು, 7 ನ್ಯಾನೋಮೀಟರ್, ಒಳಗೇ ಗ್ರಾಫಿಕ್ಸು, ಬೇರೆ ಕಾರ್ಡ್ ಬೇಡ. ಬೋರ್ಡು ಸೆಕೆಂಡ್‌ಹ್ಯಾಂಡ್ ಬಿ450, ಹುಬ್ಬಳ್ಳಿಯಿಂದ ಬಂತು, ಕೊಟ್ಟವನು ಎಲ್ಲಾ ರೈಜನ್ನೂ ಹಿಡಿಯತ್ತೆ ಅಂದ. ಹಿಡೀಲಿಲ್ಲ. ಫ್ಯಾನ್ ತಿರುಗತ್ತೆ, ಪರದೆ ಕಪ್ಪು. 5600ಜಿ ಬಂದಿದ್ದು 2021ರಲ್ಲಿ, ಬೋರ್ಡಲ್ಲಿದ್ದ ಬಯೋಸ್ (ಆನ್ ಮಾಡಿದ ಕೂಡ್ಲೇ ಮೊದಲು ಓಡೋ ಸಾಫ್ಟ್‌ವೇರ್) ಅದಕ್ಕಿಂತ ಮುಂಚಿಂದು. ಬಯೋಸ್ ಹೊಸದು ಹಾಕೋಕೆ ಅದು ಗುರುತು ಹಿಡಿಯೋ ಪ್ರೊಸೆಸರ್ ಒಂದು ಬೇಕು, ಅದು ನನ್ನ ಹತ್ರ ಇಲ್ಲ. ಭಾವನ ಹತ್ರ ಇತ್ತು, 5600ಎಕ್ಸ್, 2020ರ ಕೊನೆಯದು, ಹುಡುಗನ ಗೇಮಿಗೆ ಅಂತ ಗ್ರಾಫಿಕ್ಸ್ ಕಾರ್ಡ್ ಸಮೇತ ಕಟ್ಟಿಸಿದ್ದು.

ಅದನ್ನ ಅವನ ಮಷಿನಿಂದ ತೆಗೆಯುವಾಗ ಆಗಿದ್ದು ಹೇಳ್ಲೇಬೇಕು. ಕೂಲರ್ ಸ್ಕ್ರೂ ಬಿಚ್ಚಿ, ಜೋರಾಗಿ ನೆಟ್ಟಗೆ ಮೇಲಕ್ಕೆ ಎಳೆದೆ, ಕಟಕ್ ಅಂತು, ಕೂಲರ್ ಜೊತೆ ಪ್ರೊಸೆಸರೂ ಸಾಕೆಟ್ಟಿಂದ ಕಿತ್ಕೊಂಡು ಬಂತು, ಹಲಸಿನ ಮೇಣಕ್ಕೆ ಅಂಟಿದ ಎಲೆ ತರ ಪೇಸ್ಟಿಗೆ ಅಂಟಿ. ಈ ರೈಜನ್‌ಗಳು ಕೂರೋ ಎಎಂ4 ಸಾಕೆಟ್ಟಲ್ಲಿ ಪಿನ್ನು ಇರೋದು ಪ್ರೊಸೆಸರ್ ಕಡೆ, 1331 ಪಿನ್ನು. ಮೂಲೆಯಲ್ಲಿ ಐದು ಪಿನ್ನು ಬಾಗಿತ್ತು. ಭಾವ ಏನೂ ಮಾತಾಡ್ಲಿಲ್ಲ, ಅದೇ ಹೆದರಿಕೆ. ಅಕ್ಕ ಚಾ ತಂದಿಟ್ಟವಳು ನಮ್ಮಿಬ್ಬರ ಮುಖ ನೋಡಿ ವಾಪಸ್ ಹೋದ್ಲು. ಹುಡುಗನ ಕಂಪಾಸ್ ಪೆಟ್ಟಿಗೆಯಿಂದ 0.5ರ ಲೆಡ್ ಪೆನ್ಸಿಲ್ ತಗೊಂಡು, ಕಡ್ಡಿ ತೆಗೆದು, ಬರೀ ತುದಿಯ ಕೊಳವೆನ ಒಂದೊಂದೇ ಪಿನ್ನಿಗೆ ತೊಡಿಸಿ ಉಸಿರು ಹಿಡಿದು ನೆಟ್ಟಗೆ ಮಾಡ್ದೆ, ಸಾಲಿಗೆ ಸರಿ ಬಂತಾ ಅಂತ ನೋಡೋಕೆ ಟಾರ್ಚ್ ಹಿಡಿದು ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡೋದು. ಮುಕ್ಕಾಲು ತಾಸು ಬೇಕಾಯ್ತು. ಕೂತ್ಕೊಂಡ್ತು, ಒತ್ತದೇ ತಾನಾಗೇ ಇಳೀತು. ಸರಿ ಕ್ರಮ ಅಂದ್ರೆ ಮೊದಲು ಹತ್ತು ನಿಮಿಷ ಲೋಡ್ ಹಾಕಿ ಬಿಸಿ ಮಾಡಿ ಆಫ್ ಮಾಡಿ, ಕೂಲರನ್ನ ಎಡಕ್ಕೆ ಬಲಕ್ಕೆ ನಿಧಾನ ತಿರುಚಿ ಸಡಿಲ ಮಾಡಿ ಆಮೇಲೆ ಎತ್ತಬೇಕು, ತಪ್ಪು ಪೂರ್ತಿ ನಂದೇ.

ಬಯೋಸ್ ಹಾಕುವಾಗ ಇನ್ನೊಂದು ಭಯ. ಮಧ್ಯದಲ್ಲಿ ಕರೆಂಟು ಹೋದ್ರೆ ಬೋರ್ಡು ಇಟ್ಟಿಗೆ. ನಮ್ಮಲ್ಲಿ ಇನ್ವರ್ಟರ್ ಇದ್ರೂ ಬದಲಾಗೋ ಆ ಕ್ಷಣದಲ್ಲಿ ಮಷಿನ್ ರೀಸ್ಟಾರ್ಟ್ ಆಗ್ತಿತ್ತು. ಭಾವನೇ ಉಪಾಯ ಹೇಳಿದ್ದು, ಮೊದಲೇ ಮೇನ್ ಸ್ವಿಚ್ ತೆಗೆದುಬಿಡು, ಎಲ್ಲಾ ಬ್ಯಾಟರಿ ಮೇಲೇ ಓಡ್ಲಿ, ಬದಲಾಗೋ ಪ್ರಶ್ನೆನೇ ಇಲ್ಲ ಅಂತ. ಹಂಗೇ ಮಾಡಿದ್ವಿ. ನಾಲ್ಕು ನಿಮಿಷ, ಆಯ್ತು. 5600ಜಿ ಹಾಕಿದ್ರೆ ಪರದೆ ಬಂತು.

5600ಎಕ್ಸ್ ಅವನ ಕ್ಯಾಬಿನೆಟ್ಟಿಗೆ ವಾಪಸ್ ಕೂರಿಸಿದ ಮೇಲೆ ಅದನ್ನೂ ಅಳೆದೆ, ಪಿನ್ನು ಸರಿ ಇದೆಯಾ ಅನ್ನೋದೂ ಗೊತ್ತಾಗತ್ತಲ್ಲ. ತುಂಡು 16 ನಿಮಿಷ, 128 ವ್ಯಾಟ್, ಒಟ್ಟು 34. ಆದ್ರೆ ಸುಮ್ನಿದ್ದಾಗ 58, ನನ್ನ ಹಳೇ ಡಬ್ಬಿಯಷ್ಟೇ! ಗ್ರಾಫಿಕ್ಸ್ ಕಾರ್ಡಿನ ಪಾಲು ಅದರಲ್ಲಿದೆ, ಉಳಿದಿದ್ದಕ್ಕೆ ಕಾರಣ ಆ ಚಿಪ್ಪಿನ ಕಟ್ಟಡ. 5600ಎಕ್ಸ್ ಒಳಗೆ ಎರಡು ತುಂಡು, ಕೋರುಗಳದ್ದು 7 ನ್ಯಾನೋಮೀಟರಿಂದು, ಮೆಮೊರಿ ಮತ್ತೊಂದು ನೋಡ್ಕೊಳ್ಳೋದು 12 ನ್ಯಾನೋಮೀಟರಿನ ಬೇರೆ ತುಂಡು, ಎರಡರ ನಡುವೆ ಮಾತುಕತೆ ಯಾವಾಗ್ಲೂ ನಡೀತಿರ್ಬೇಕು, ಕೆಲಸ ಇಲ್ಲದಾಗ್ಲೂ. 5600ಜಿ ಒಂದೇ ತುಂಡು, ಲ್ಯಾಪ್‌ಟಾಪ್ ಚಿಪ್ಪಿನ ಅಣ್ಣತಮ್ಮ, ನಿದ್ದೆ ಚೆನ್ನಾಗಿ ಮಾಡತ್ತೆ. ಕ್ಯಾಶ್ (ಚಿಪ್ಪೊಳಗಿನ ಸಣ್ಣ ಮೆಮೊರಿ) ಅರ್ಧ, 32 ಎಂಬಿ ಬದಲು 16, ಗೇಮಲ್ಲಿ ಹಿಂದೆ ಬೀಳತ್ತೆ. ನಂಗೆ ಗೇಮಿಲ್ಲ.

ನಂದು ಸುಮ್ನಿದ್ದಾಗ 27 ವ್ಯಾಟ್. ಕುಮಟೆಯದಕ್ಕಿಂತ ಐದು ಜಾಸ್ತಿ, ಒಪ್ಪಬೇಕು. ಏನೂ ಮುಟ್ಟದೆ ಎಕ್ಸ್‌ಪೋರ್ಟ್ ಹಾಕಿದಾಗ 17 ನಿಮಿಷ, 112 ವ್ಯಾಟ್, 32 ವ್ಯಾಟ್‌ಅವರ್.

ಮಜಾ ಇಲ್ಲಿಂದ. ಬಯೋಸಲ್ಲಿ ಪಿಪಿಟಿ ನಾವೇ ಕಟ್ಟಬಹುದು. 61ಕ್ಕೆ ಕಟ್ಟಿದೆ, ಅದು 45 ವ್ಯಾಟ್ ಟಿಡಿಪಿ ಲೆಕ್ಕದ್ದು. ಹದಿನೆಂಟೂವರೆ ನಿಮಿಷ, 86 ವ್ಯಾಟ್, 26.5. ಒಂದೂವರೆ ನಿಮಿಷ ಕೊಟ್ಟು ಇಷ್ಟು ಉಳೀತಾ ಅಂತ ಆಸೆ ಹುಟ್ಟಿ 45ಕ್ಕೆ ಇಳಿಸಿದೆ, 21 ನಿಮಿಷ, 66 ವ್ಯಾಟ್, 23. ಇನ್ನೂ ಇಳಿಸೋಣ ಅಂತ 35ಕ್ಕೆ ತಂದ್ರೆ 26 ನಿಮಿಷ, 54 ವ್ಯಾಟ್, ಒಟ್ಟು 23.4. ಏರಿತು! ಯಾಕೆ ಅಂದ್ರೆ ಬೋರ್ಡು, ರ‍್ಯಾಮು, ಎಸ್‌ಎಂಪಿಎಸ್ಸಿನ ಖಾಯಂ ಖರ್ಚು ನಿಮಿಷದ ಲೆಕ್ಕದಲ್ಲಿ ಹೋಗ್ತಾನೇ ಇರತ್ತೆ, ಪ್ರೊಸೆಸರ್ ಉಳಿಸಿದ್ದನ್ನ ಅದು ತಿಂದುಬಿಡತ್ತೆ. ಆಳು ಕಮ್ಮಿ ಕೂಲಿಗೆ ಬಂದ ಅಂತ ಖುಷಿಪಟ್ಟು ನಾಲ್ಕು ದಿನ ಊಟ ಹಾಕಿದಂಗೆ. ನನ್ನ ಮಷಿನಿಗೆ 45 ಸರಿಯಾದ ಜಾಗ, ಮಾನಿಟರ್ ಆನ್ ಇಟ್ಟು ಕಾಯೋದಾದ್ರೂ ಅದೇ. ಬೇರೆಯವರದ್ದು ಬೇರೆ ಇರತ್ತೆ, ಅಳೆದೇ ನೋಡ್ಬೇಕು.

ಇಷ್ಟು ಕಮ್ಮಿ ವೇಗಕ್ಕೆ ಇಷ್ಟೊಂದು ಉಳಿಯೋದು ಹೆಂಗೆ ಅಂದ್ರೆ ವೋಲ್ಟೇಜು. ಚಿಪ್ ತಿನ್ನೋ ಪವರು ವೇಗದ ಜೊತೆ ನೇರ ಏರತ್ತೆ, ವೋಲ್ಟೇಜಿನ ಜೊತೆ ವರ್ಗದಲ್ಲಿ ಏರತ್ತೆ. ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದ್ರೆ ಅದೊಂದರಿಂದಲೇ ಹತ್ತೊಂಬತ್ತು ಪರ್ಸೆಂಟ್ ಉಳಿತಾಯ. ಕೊನೆಯ ಎರಡು ಮೂರು ನೂರು ಮೆಗಾಹರ್ಟ್ಸ್ ಹಿಂಡೋಕೆ ಕಂಪನಿಯವರು ವೋಲ್ಟೇಜ್ ಸುರೀತಾರೆ, ವಿಮರ್ಶೆಯ ಗ್ರಾಫಲ್ಲಿ ಮೇಲೆ ಬರ್ಬೇಕಲ್ಲ. ನಂದು 4.2 ಗಿಗಾಹರ್ಟ್ಸ್ ಬದಲು ಮೂರೂವರೆ ಸುತ್ತ ಓಡ್ತಾ ಇದೆ, ಫ್ಯಾನಿನ ಸದ್ದೇ ಇಲ್ಲ. ರ‍್ಯಾಮ್ ಮಾತ್ರ ಒಂದೇ 16ರ ಬದಲು ಎರಡು 8 ಹಾಕಿ, ಒಳಗಿನ ಗ್ರಾಫಿಕ್ಸು ಅದನ್ನೇ ನಂಬ್ಕೊಂಡಿರತ್ತೆ.

ಹೊಸ ಎಸ್‌ಎಂಪಿಎಸ್ ಬಂದ ಮೇಲೂ ಕರೆಂಟು ಹೋದಾಗೊಮ್ಮೆ ರೀಸ್ಟಾರ್ಟ್ ಆಗೋದು ನಿಲ್ಲಲಿಲ್ಲ. ಇನ್ವರ್ಟರ್ ಹಿಂದೆ ಇಕೋ, ಯುಪಿಎಸ್ ಅಂತ ಒಂದು ಸಣ್ಣ ಸ್ವಿಚ್ಚು, ಧೂಳಿನ ಅಡಿಯಲ್ಲಿ, ಇಕೋಗೆ ಇತ್ತು. ಯುಪಿಎಸ್‌ಗೆ ಹಾಕಿದೆ, ರೀಸ್ಟಾರ್ಟ್ ನಿಂತೋಯ್ತು. ಆದ್ರೆ ಅದರಲ್ಲಿ ಲೈನ್ ವೋಲ್ಟೇಜ್ 180ರ ಕೆಳಗೆ ಹೋದ್ರೆ ಕರೆಂಟೇ ಇಲ್ಲ ಅಂದ್ಕೊಂಡು ಬ್ಯಾಟರಿಗೆ ಹೋಗಿಬಿಡತ್ತೆ, ಸಂಜೆ ಪಂಪ್‌ಸೆಟ್ಟುಗಳು ಶುರುವಾದ್ರೆ ನಮ್ಮಲ್ಲಿ ಅದು ದಿನದ ಕತೆ. ಈಗ ಮಳೆಗಾಲಕ್ಕೆ ಯುಪಿಎಸ್ಸು, ಬೇಸಿಗೆಗೆ ಇಕೋ.

ತಿಂಗಳ ಲೆಕ್ಕ ಹೇಳ್ತೀನಿ. ದಿನಾ ಹತ್ತು ತಾಸು ಆನ್ ಇರತ್ತೆ ಅಂದ್ರೆ 58ರಿಂದ 27ಕ್ಕೆ ಬಂದಿದ್ದಕ್ಕೆ 9.3 ಯೂನಿಟ್, ಅದರಲ್ಲಿ 6 ಯೂನಿಟ್ ಎಸ್‌ಎಂಪಿಎಸ್ಸು ಹಾರ್ಡ್‌ಡಿಸ್ಕಿನ ಪುಣ್ಯ, ಪ್ರೊಸೆಸರ್ ಬೋರ್ಡಿಂದು 3.3 ಮಾತ್ರ. ತಿಂಗಳಿಗೆ ಮೂವತ್ತು ತಾಸಿನ ವಿಡಿಯೋ ಎಕ್ಸ್‌ಪೋರ್ಟಲ್ಲಿ ಇನ್ನೊಂದು 3 ಯೂನಿಟ್. ಗೃಹಜ್ಯೋತಿಯಲ್ಲಿ ನಮಗೆ 2022-23ರ ಸರಾಸರಿ ಮೇಲೆ 10 ಪರ್ಸೆಂಟ್ ಅಲ್ವಾ ಮಿತಿ, ನಾವು ಪ್ರತಿ ತಿಂಗಳು ಎಂಟ್ಹತ್ತು ಯೂನಿಟ್ ಆಚೆ ಹೋಗಿ ಸಣ್ಣ ಬಿಲ್ಲು ಬರ್ತಿತ್ತು. ಕಳೆದ ತಿಂಗಳು ಸೊನ್ನೆ ಬಂತು. ಪ್ರೊಸೆಸರಿಗೆ ಕೊಟ್ಟ ದುಡ್ಡು ಇದರಲ್ಲಿ ವಾಪಸ್ ಬರೋಕೆ ನನ್ನ ತಲೆ ಪೂರ್ತಿ ನರೆಯತ್ತೆ, ಅದು ಬೇರೆ ಮಾತು. ನಾನು ತಗೊಂಡಿದ್ದು ಬ್ಯಾಟರಿ ಮೇಲೆ ಪ್ರಸಂಗ ಮುಗೀಲಿ ಅಂತ, ಮುಗೀತಾ ಇದೆ.

ಹಳೇ ಐ5 ಕಸಕ್ಕೆ ಹಾಕಿಲ್ಲ. ಅದಕ್ಕೊಂದು ಸಣ್ಣ ಎಸ್‌ಎಸ್‌ಡಿ, 300 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ದೊಡ್ಡಪ್ಪನ ಮನೆಗೆ ಕೊಟ್ಟೆ, ಅಡಿಕೆ ಲೆಕ್ಕ, ಪಹಣಿ ಪ್ರಿಂಟು ಅಷ್ಟೇ ಅವರಿಗೆ, ಓಡತ್ತೆ ಇನ್ನೂ ಐದು ವರ್ಷ. ವ್ಯಾಟ್‌ಮೀಟರ್ ಮಾತ್ರ ನನ್ನ ಕೈ ತಪ್ಪಿದೆ. ಆಯಿ ಅದನ್ನ ಫ್ರಿಜ್ಜಿಗೆ ಹಾಕ್ಸಿಕೊಂಡಿದ್ದಾಳೆ, ನಾಳೆ ಬೆಳಿಗ್ಗೆಗೆ 24 ತಾಸು ಆಗತ್ತೆ.